ಹಾಜರಿ ಪುಸ್ತಕದಿಂದ ಶುರುಮಾಡಿ: ಕಟ್ಟಡ ಕೆಲಸಕ್ಕೆ ಹೊಸ ಸುರಕ್ಷತಾ ನೋಂದಣಿ, ಲೈಸೆನ್ಸ್ ಹೇಗೆ?

ಶಿರಸಿ ಕಡೆಯ ಮೇಸ್ತ್ರಿಗಳ ಅಂಗಿ ಕಿಸೆಯಲ್ಲಿ ಉದ್ದನೆಯ ಪುಟ್ಟ ಪುಸ್ತಕವೊಂದು ಇದ್ದೇ ಇರುತ್ತದೆ. ರಟ್ಟಿನ ಮೂಲೆಗೆ ಸಿಮೆಂಟು ಮೆತ್ತಿ ಗಟ್ಟಿಯಾಗಿರುತ್ತದೆ, ಬೆವರಿಗೆ ಶಾಯಿ ಅಲ್ಲಲ್ಲಿ ಹರಡಿರುತ್ತದೆ. ಎಡಗಡೆ ಆಳುಗಳ ಹೆಸರು. ಅದೂ ಪೂರ್ತಿ ಹೆಸರಲ್ಲ, ‘ದೊಡ್ಡ ಗಣಪ’, ‘ಹಾವೇರಿ ಮಂಜ’, ‘ಟೈಲ್ಸ್‌ನವ 2’ ಎಂಬಂಥದ್ದು. ಬಲಗಡೆ ದಿನಕ್ಕೊಂದು ಗೀಟು, ಅರ್ಧ ದಿನಕ್ಕೆ ಅಡ್ಡಗೀಟು, ಮುಂಗಡಕ್ಕೆ ಸುತ್ತು ಹಾಕಿದ ಅಂಕಿ. ಶನಿವಾರ ಸಂಜೆ ಬಟವಾಡೆ ಮುಗಿದರೆ ಆ ಪುಟದ ಆಯುಷ್ಯವೂ ಮುಗಿಯಿತು.

ಇನ್ನು ಮುಂದೆ ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಒಟ್ಟಿಗೇ ಜಾರಿಗೆ ಬಂದವು. ಅವುಗಳಲ್ಲಿ ಕಟ್ಟಡದ ಕೆಲಸದವರಿಗೆ ನೇರವಾಗಿ ತಗಲುವುದು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ. ಹೆಸರು ಉದ್ದ, ನಾವು ಸುರಕ್ಷತಾ ಸಂಹಿತೆ ಎನ್ನೋಣ. ಇದು 13 ಹಳೆಯ ಕಾಯಿದೆಗಳ ಜಾಗಕ್ಕೆ ಬಂದಿದೆ. ಗುತ್ತಿಗೆ ಕಾರ್ಮಿಕರ 1970ರ ಕಾಯಿದೆ, ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯಿದೆ, ಕಟ್ಟಡ ಕಾರ್ಮಿಕರ 1996ರ ಕಾಯಿದೆ ಮೂರೂ ಆ ಪಟ್ಟಿಯಲ್ಲಿವೆ.

ಸುದ್ದಿ ಬಂದ ವಾರದಿಂದ ಸಿಮೆಂಟ್ ಅಂಗಡಿ ಕಟ್ಟೆಗಳ ಮೇಲೆ ಒಂದೇ ಮಾತು: ‘ಸಣ್ಣ ಕಂಟ್ರಾಕ್ಟರಿಗೆ ಇನ್ನು ಲೈಸೆನ್ಸೇ ಬೇಡ್ವಂತೆ ಮಾರಾಯ್ರೆ, ಒಂದು ತಲೆಬಿಸಿ ಹೋಯ್ತು.’ ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನಂಬಿ ಕೂತರೆ ಎರಡು ಲಕ್ಷ ರೂಪಾಯಿಯಿಂದ ದಂಡ ಶುರುವಾಗುತ್ತದೆ. ಹಾಗಾಗಿ ಕಿಸೆಯ ಪುಸ್ತಕ ಹೊರಗೆ ತೆಗೆಯಿರಿ, ಒಂದೊಂದಾಗಿ ನೋಡೋಣ.

ಮೊದಲು ತಲೆ ಎಣಿಸಿ

ನೆನಪಿಡಬೇಕಾದ ಅಂಕಿಗಳು ಮೂರೇ: 10, 50, 250. ಹತ್ತು ಮತ್ತು ಹೆಚ್ಚು ಜನ ಕೆಲಸ ಮಾಡುವ ಜಾಗಕ್ಕೆ ನೋಂದಣಿ ಕಡ್ಡಾಯ. ಐವತ್ತು ಮತ್ತು ಹೆಚ್ಚು ಗುತ್ತಿಗೆ ಆಳುಗಳನ್ನು ಇಟ್ಟುಕೊಂಡ ಗುತ್ತಿಗೆದಾರನಿಗೆ ಲೈಸೆನ್ಸ್ ಕಡ್ಡಾಯ. ಇನ್ನೂರೈವತ್ತು ಮುಟ್ಟಿದರೆ ಸುರಕ್ಷತಾ ಅಧಿಕಾರಿಯನ್ನು ನೇಮಿಸಬೇಕು. ಬದಲಾದದ್ದು ಎರಡು ಅಂಕಿ. ಕೇಂದ್ರದ ಹಳೆಯ ಕಾಯಿದೆಯಲ್ಲಿ 20 ಜನಕ್ಕೇ ಲೈಸೆನ್ಸ್ ಬೇಕಿತ್ತು, ಅದು 50ಕ್ಕೆ ಏರಿತು. ಸುರಕ್ಷತಾ ಅಧಿಕಾರಿ 500 ಜನಕ್ಕೆ ಬೇಕಿತ್ತು, ಅದು 250ಕ್ಕೆ ಇಳಿಯಿತು. ಹತ್ತರ ಗೆರೆ ಇದ್ದಲ್ಲೇ ಇದೆ. ಅಂಗಡಿ ಕಟ್ಟೆಯ ಮಾತು ತಪ್ಪುವುದು ಇಲ್ಲೇ. ಬಿಟ್ಟುಹೋದದ್ದು 20ರಿಂದ 49ರವರೆಗಿನವರ ಲೈಸೆನ್ಸ್. ಅವರ ನೋಂದಣಿ ಬಿಟ್ಟುಹೋಗಿಲ್ಲ.

‘ನಮ್ದು ಆರೇಳು ಜನದ ಕೆಲ್ಸ, ನಮ್ಗೆಂತಕ್ಕೆ ಇದೆಲ್ಲ’ ಎನ್ನುವ ಮೇಸ್ತ್ರಿ ತನ್ನ ಪುಸ್ತಕದಲ್ಲೇ ಸ್ಲ್ಯಾಬ್ ಹಾಕಿದ ದಿನದ ಪುಟ ತೆರೆದು ನೋಡಲಿ. ಮಾಮೂಲಿ ದಿನ ಇಬ್ಬರು ಗೌಂಡಿ, ನಾಲ್ವರು ಹೆಲ್ಪರ್. ಸ್ಲ್ಯಾಬ್ ದಿನ ಬೆಳಿಗ್ಗೆ ಆರಕ್ಕೇ ಮಿಕ್ಸರ್ ಸಮೇತ ಟೆಂಪೊದಲ್ಲಿ ಕಾಂಕ್ರೀಟ್ ಗ್ಯಾಂಗ್ ಇಳಿಯುತ್ತದೆ. ಬಾಣಲೆ ದಾಟಿಸಲು ಸಾಲಾಗಿ ನಿಲ್ಲುವವರೇ ಹದಿನೈದು. ಕೆಳಗೆ ಸೆಂಟ್ರಿಂಗ್ ಜಾಕ್ ನೋಡಲು ಇಬ್ಬರು, ಮೇಲೆ ವೈಬ್ರೇಟರ್ ಹಿಡಿಯಲು ಒಬ್ಬ, ಕಂಬಿ ಕಟ್ಟಿದವರು ಮೂವರು. ಸಂಜೆ ಕೋಳಿ ಸಾರಿನ ಊಟಕ್ಕೆ ಎಲೆ ಹಾಕುವಾಗ ಎಣಿಸಿದರೆ ಇಪ್ಪತ್ತೇಳು. ಹಳೆಯ 1996ರ ಕಾಯಿದೆ ಹಿಂದಿನ 12 ತಿಂಗಳಲ್ಲಿ ಯಾವುದೇ ಒಂದು ದಿನ ಹತ್ತು ಜನ ಇದ್ದರೂ ಸಾಕು ಎಂದೇ ಹೇಳುತ್ತಿತ್ತು. ಆದ್ದರಿಂದ ಕಡಿಮೆ ಜನ ಇದ್ದ ದಿನದ ಲೆಕ್ಕ ಹಿಡಿದು ಕಚೇರಿಗೆ ಹೋಗಬೇಡಿ. ಅತಿ ಹೆಚ್ಚು ಜನ ಇದ್ದ ದಿನದ ಪುಟಕ್ಕೇ ಕಿವಿ ಮಡಚಿಟ್ಟುಕೊಳ್ಳಿ.

ಗೀಟಿನ ಎದುರು ಪೂರ್ತಿ ಹೆಸರು, ವಯಸ್ಸು, ಊರು, ಆಧಾರ್ ಸಂಖ್ಯೆ, ಯಾರ ಕಡೆಯಿಂದ ಬಂದವನು ಎಂದು ಬರೆಯುವುದನ್ನೂ ಇಂದೇ ಶುರುಮಾಡಿ. ‘ಟೈಲ್ಸ್‌ನವ 2’ ಯಾವ ಫಾರಂನಲ್ಲೂ ನಡೆಯುವುದಿಲ್ಲ.

ನಿಮ್ಮ ಕೆಲಸ ಯಾರ ಕೈಕೆಳಗೆ ಬರುತ್ತದೆ?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಬೇರೆ ಕಡೆಗಿಂತ ಹೆಚ್ಚು ತೂಕ. ಯಲ್ಲಾಪುರದಲ್ಲಿ ಮನೆ, ಶಿರಸಿಯಲ್ಲಿ ವಾಣಿಜ್ಯ ಸಂಕೀರ್ಣ, ಹೊನ್ನಾವರದಲ್ಲಿ ಶಾಲೆ ಕಟ್ಟಿದರೆ ಅದು ರಾಜ್ಯದ ಕಾರ್ಮಿಕ ಇಲಾಖೆಯ ವ್ಯಾಪ್ತಿ. ಕಾರವಾರ ಬಂದರು ದೊಡ್ಡದಾಗಿ ಕಂಡರೂ ಕೇಂದ್ರದ ಪ್ರಮುಖ ಬಂದರುಗಳ ಪಟ್ಟಿಯಲ್ಲಿಲ್ಲ, ಅದೂ ರಾಜ್ಯದ್ದೇ. ಆದರೆ ಸೀಬರ್ಡ್ ನೌಕಾನೆಲೆಯ ಒಳಗೆ ಕ್ವಾರ್ಟರ್ಸ್‌ಗೆ ಪೇಂಟ್ ಹೊಡೆಯುವ ಉಪಗುತ್ತಿಗೆ ಸಿಕ್ಕಿತೆನ್ನಿ, ಕೈಗಾದಲ್ಲಿ ಅಣುವಿದ್ಯುತ್ ನಿಗಮದ ಸಿವಿಲ್ ಕೆಲಸ, ಕೊಂಕಣ ರೈಲ್ವೆಯ ಕಾಲುಸೇತುವೆ, ಹೆದ್ದಾರಿ ಪ್ರಾಧಿಕಾರದ 66ರ ಮೇಲಿನ ಚರಂಡಿ ಎನ್ನಿ, ಅಲ್ಲೆಲ್ಲ ಕೇಂದ್ರದ ಕಾರ್ಮಿಕ ಅಧಿಕಾರಿಗಳ ಲೆಕ್ಕ. ಅಂಥ ಸಂಸ್ಥೆಗಳ ಗುತ್ತಿಗೆದಾರರೂ ಕೇಂದ್ರದ ವ್ಯಾಪ್ತಿಗೇ ಎಂದು ಸಂಹಿತೆಯೇ ಹೇಳಿದೆ.

ಒಂದೇ ಮೇಸ್ತ್ರಿ ಮಳೆಗಾಲಕ್ಕೆ ಮುಂಚೆ ನೌಕಾನೆಲೆಯ ಅರ್ಗಾದಲ್ಲೂ ದೀಪಾವಳಿಯ ನಂತರ ಸಿದ್ದಾಪುರದಲ್ಲೂ ಕೆಲಸ ಹಿಡಿಯುವ ಜಿಲ್ಲೆ ಇದು. ತಪ್ಪು ಬಾಗಿಲು ತಟ್ಟಿ ತಿಂಗಳು ಕಳೆಯುವುದಕ್ಕಿಂತ, ಕೆಲಸದ ಆದೇಶಪತ್ರದ ತಲೆಬರಹದಲ್ಲಿ ಯಾರ ಹೆಸರಿದೆ ಎಂದು ಮೊದಲೇ ನೋಡಿಕೊಳ್ಳಿ.

ನೋಂದಣಿ

ಇದು ಅಂದುಕೊಂಡಷ್ಟು ಕಷ್ಟದ್ದಲ್ಲ. ಸಂಹಿತೆ ನಿಮಗೆ ಅನ್ವಯವಾದ ದಿನದಿಂದ 60 ದಿನಗಳೊಳಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಗುರುತಿನ ದಾಖಲೆ, ಪ್ಯಾನ್, ಕೆಲಸದ ಆದೇಶ ಅಥವಾ ಕರಾರುಪತ್ರ, ಜಾಗದ ವಿಳಾಸ, ಕೆಲಸ ಶುರುವಾಗುವ ಮತ್ತು ಮುಗಿಯುವ ಅಂದಾಜು ದಿನ, ಅತಿ ಹೆಚ್ಚೆಂದರೆ ಎಷ್ಟು ಜನ ಎಂಬ ಸಂಖ್ಯೆ, ಇಷ್ಟನ್ನು ಕೈಯಲ್ಲಿಟ್ಟುಕೊಂಡು ಕೂತರೆ ಆಯಿತು. ಅರ್ಜಿ ಸರಿಯಿದ್ದೂ ಅಧಿಕಾರಿ ನಿಗದಿತ ಅವಧಿಯಲ್ಲಿ ನೋಂದಣಿ ಕೊಡದೇ ಹೋದರೆ ತನ್ನಷ್ಟಕ್ಕೇ ನೋಂದಣಿ ಆದಂತೆ ಎಂಬ ಅನುಕೂಲವೂ ಇದೆ. ಅದಕ್ಕೆ ಸಾಕ್ಷಿ ಅರ್ಜಿ ಹಾಕಿದ ದಿನದ ಸ್ವೀಕೃತಿ. ಅದನ್ನು ಮೊಬೈಲಿನಲ್ಲಿ ಮಾತ್ರ ಇಡದೆ ಒಂದು ಪ್ರತಿ ತೆಗೆಸಿ ಸೈಟ್‌ನ ಶೆಡ್ಡಿನಲ್ಲಿ ತೂಗುಹಾಕಿ.

1996ರ ಕಾಯಿದೆಯಡಿ ಮೊದಲೇ ನೋಂದಣಿ ಮಾಡಿಸಿದವರು ಮತ್ತೆ ಅಆಇಈಯಿಂದ ಶುರುಮಾಡಬೇಕಾಗಿಲ್ಲ. ಹಳೆಯ ನೋಂದಣಿಯನ್ನೇ ಹೊಸದರ ನೋಂದಣಿ ಎಂದು ಪರಿಗಣಿಸುತ್ತಾರೆ, ಅದರ ವಿವರ ಮಾತ್ರ ಅಧಿಕಾರಿಗೆ ಒದಗಿಸಬೇಕು. ಹಳೆಯ ನಿಯಮಗಳೂ ಹೊಸ ಸಂಹಿತೆಗೆ ವಿರುದ್ಧವಾಗದ ಮಟ್ಟಿಗೆ, ಅವುಗಳ ಜಾಗಕ್ಕೆ ಬೇರೆ ನಿಯಮ ಬರುವ ತನಕ ಮುಂದುವರಿಯುತ್ತವೆ. ಆದ್ದರಿಂದ ಕೌಂಟರಿನಲ್ಲಿ ಹಳೆಯ ನಮೂನೆಯ ಫಾರಂ ಕೈಗೆ ಕೊಟ್ಟರೆ ಜಗಳಕ್ಕೆ ನಿಲ್ಲಬೇಡಿ. ಸೈಬರ್ ಕೆಫೆಯ ಹುಡುಗ ಹೇಳಿದ ಫಾರಂ ತುಂಬುವ ಮೊದಲು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಒಮ್ಮೆ ಕೇಳಿ.

ಕೆಲಸ ಶುರುವಾದದ್ದನ್ನು ತಿಳಿಸಿದಂತೆ ಮುಗಿದದ್ದನ್ನೂ ತಿಳಿಸಬೇಕು. ಆಳುಗಳ ಬಾಕಿಯೆಲ್ಲ ಚುಕ್ತಾ ಆಗಿದೆ ಎಂದು ದೃಢೀಕರಿಸಿ, 30 ದಿನಗಳೊಳಗೆ. ಗೃಹಪ್ರವೇಶದ ಊಟ ಉಂಡು ಬಂದ ಮೇಲೆ ಇದು ಯಾರಿಗೂ ನೆನಪಾಗುವುದಿಲ್ಲ.

ಲೈಸೆನ್ಸ್ ಯಾರಿಗೆ?

ಐವತ್ತು ಮುಟ್ಟಿದವರಿಗೆ. ಅವಧಿ 5 ವರ್ಷ. ಕೆಲಸಕ್ಕೊಂದು ಲೈಸೆನ್ಸ್ ಮಾಡಿಸುವ ಓಡಾಟ ಕಡಿಮೆಯಾಗಿ, ಹಲವು ಕೆಲಸಕ್ಕೆ ಸಾಮಾನ್ಯ ಲೈಸೆನ್ಸ್ ಪಡೆಯುವ ದಾರಿಯಿದೆ. ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರ ದರ್ಜೆ ಪರವಾನಗಿಗೂ ಇದಕ್ಕೂ ಸಂಬಂಧವಿಲ್ಲ. ಅದು ಟೆಂಡರಿಗೆ ನಿಲ್ಲಲು, ಇದು ಜನರನ್ನು ದುಡಿಸಲು. ‘ನಂದು ಕ್ಲಾಸ್ ಒನ್ ಲೈಸೆನ್ಸ್ ಉಂಟಲ್ಲ’ ಎಂದು ಕಾರ್ಮಿಕ ಇಲಾಖೆಯವರ ಎದುರು ಅದನ್ನು ಹಿಡಿದು ಪ್ರಯೋಜನವಿಲ್ಲ.

ಕೆಲಸ ಕೊಟ್ಟ ಮಾಲೀಕರಿಗೂ ಒಂದು ಮಾತು. ಗುತ್ತಿಗೆದಾರ ಕೂಲಿ ಕೊಡದೆ ಕೈಯೆತ್ತಿದರೆ ಕೊಡುವ ಹೊಣೆ ನಿಮ್ಮದು. ಕುಡಿಯುವ ನೀರು, ಶೌಚಾಲಯದಂಥ ಸೌಲಭ್ಯವನ್ನು ಹಳೆಯ ಕಾಯಿದೆ ಗುತ್ತಿಗೆದಾರನ ತಲೆಗೆ ಕಟ್ಟಿತ್ತು, ಈಗ ಗುತ್ತಿಗೆ ಆಳುಗಳ ವಿಷಯದಲ್ಲಿ ಅದನ್ನು ಮಾಲೀಕನಿಗೇ ವಹಿಸಿದ್ದಾರೆ. ನನ್ನ ಮಟ್ಟಿಗೆ ಇಡೀ ಸಂಹಿತೆಯಲ್ಲಿ ಸಣ್ಣ ಗುತ್ತಿಗೆದಾರನಿಗೆ ನಿಜಕ್ಕೂ ಅನುಕೂಲವಾದ ಬದಲಾವಣೆ ಇದೊಂದೇ. ಲೈಸೆನ್ಸ್ ತಪ್ಪಿದ್ದನ್ನು ದೊಡ್ಡದು ಮಾಡುವವರು ಇದನ್ನು ಯಾಕೋ ಹೇಳುವುದೇ ಇಲ್ಲ.

ಇನ್ನು ವೈರಿಂಗ್. ಗೌಂಡಿಗೆ, ಬಾರ್ ಬೆಂಡರ್‌ಗೆ, ಪೇಂಟರ್‌ಗೆ ವೈಯಕ್ತಿಕ ಲೈಸೆನ್ಸ್ ಎಂಬುದಿಲ್ಲ. ವಿದ್ಯುತ್ ಕೆಲಸಕ್ಕೆ ಇದೆ. ಅದನ್ನು ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ಪರ್ಮಿಟ್ ಇಲ್ಲದ ‘ಗೊತ್ತಿದ್ದ ಹುಡುಗ’ನ ಕೈಯಲ್ಲಿ ವೈರಿಂಗ್ ಮಾಡಿಸಿ, ಕೊನೆಗೆ ಹೆಸ್ಕಾಂಗೆ ಕೊಡುವ ವರದಿಗೆ ಮಾತ್ರ ಲೈಸೆನ್ಸ್ ಇದ್ದವರ ಸಹಿ ತರುವ ರೂಢಿ ನಮ್ಮಲ್ಲಿ ಇದೆ. ಸುರಕ್ಷತಾ ಸಂಹಿತೆ ಇದನ್ನು ಮುಟ್ಟಿಲ್ಲ, ಇದಕ್ಕೆ ಬೇರೆಯೇ ನಿಯಮಗಳಿವೆ. ಸಿಕ್ಕಿಬಿದ್ದರೆ ಸಹಿ ಮಾಡಿದವನ ಲೈಸೆನ್ಸಿಗೇ ಕುತ್ತು.

ನೇಮಕಪತ್ರ, ಕಾರ್ಡು, ಸೆಸ್

ಪ್ರತಿ ಕೆಲಸಗಾರನಿಗೂ ನೇಮಕಪತ್ರ ಕೊಡಬೇಕು. ದಿನಗೂಲಿಯವನಿಗೂ ಹೌದು. ಒಂದು ಪುಟದಲ್ಲಿ ಹೆಸರು, ಕೆಲಸದ ಬಗೆ, ಕೂಲಿ, ಸೇರಿದ ದಿನ ಬರೆದು ಇಬ್ಬರೂ ಸಹಿ ಹಾಕಿ. 40 ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ. ಬಿಹಾರ, ಒಡಿಶಾ, ಬಂಗಾಳದ ಹತ್ತು ಅಥವಾ ಹೆಚ್ಚು ಜನ ನಿಮ್ಮಲ್ಲಿದ್ದರೆ ವಲಸೆ ಕಾರ್ಮಿಕರ ಅಧ್ಯಾಯ ಅನ್ವಯವಾಗಿ, ಊರಿಗೆ ಹೋಗಿಬರುವ ಪ್ರಯಾಣ ಭತ್ಯೆಯೂ ಸೇರಿಕೊಳ್ಳುತ್ತದೆ. ಕೊಪ್ಪಳ, ಗದಗದಿಂದ ಬಂದವರು ನಮ್ಮ ಪಾಲಿಗೆ ಎಷ್ಟೇ ದೂರದವರಾದರೂ ಆ ಲೆಕ್ಕಕ್ಕೆ ಬರುವುದಿಲ್ಲ, ರಾಜ್ಯದೊಳಗಿನವರು.

ಲೇಬರ್ ಕಾರ್ಡ್ ಕೆಲಸಗಾರನದು. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಮಾಡಿಸಿಕೊಳ್ಳಬಹುದು. ಆ 90 ದಿನಕ್ಕೆ ಸಾಕ್ಷಿ ಯಾವುದು? ಮತ್ತದೇ ಕಿಸೆಯ ಪುಸ್ತಕ. ಕೆಲಸವನ್ನೇ ಮಾಡದವರು ಕಾರ್ಡ್ ಮಾಡಿಸಿಕೊಂಡು ನಿಜವಾದ ಗಾರೆ ಕೆಲಸದವರ ಅರ್ಜಿಯನ್ನೂ ಅನುಮಾನದಿಂದ ನೋಡುವಂತಾಗಿದೆ. ಗೀಟುಗಳು ಸ್ಪಷ್ಟವಾಗಿರುವ ಪುಸ್ತಕ ಇದ್ದರೆ ಅಧಿಕಾರಿ ಕೇಳುವ ಮೂರು ಪ್ರಶ್ನೆ ತಪ್ಪುತ್ತದೆ.

ಸೆಸ್, ಅಂದರೆ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಕಟ್ಟುವ ಸುಂಕದ ವಿಷಯ, ನಾಲ್ಕರಲ್ಲಿ ಇನ್ನೊಂದಾದ ಸಾಮಾಜಿಕ ಭದ್ರತಾ ಸಂಹಿತೆಗೆ ಹೋಗಿದೆ. ನಮ್ಮ ರಾಜ್ಯದಲ್ಲಿ ಅದು ನಿರ್ಮಾಣ ವೆಚ್ಚದ ಶೇ 1. ಸ್ವಂತ ವಾಸದ ಮನೆಗೆ ಇದ್ದ ವಿನಾಯಿತಿಯ ಮಿತಿ 10 ಲಕ್ಷದಿಂದ 50 ಲಕ್ಷ ರೂಪಾಯಿಗೆ ಏರಿದೆ. ಮಿತಿ ಮೀರಿದವರು ಕೆಲಸ ಮುಗಿದ 60 ದಿನಗಳೊಳಗೆ ತಾವೇ ಲೆಕ್ಕ ಹಾಕಿ ಕಟ್ಟಬೇಕು. ಪಂಚಾಯಿತಿ ಅಥವಾ ನಗರಸಭೆಗೆ ನಕ್ಷೆ ಮಂಜೂರಾತಿಯ ಸಮಯದಲ್ಲೇ ಕಟ್ಟಿದ್ದರೆ ಆ ರಸೀದಿ ಕಳೆಯಬೇಡಿ.

ಕಾಗದ ಮುಗಿಯಿತು, ಈಗ ಸೈಟ್‌ಗೆ ಬನ್ನಿ

ಲೈಸೆನ್ಸ್ ಬೇಡದ ಎಂಟು ಜನದ ಕೆಲಸದಲ್ಲೂ ಬೀಳುವವನು ಮಹಡಿಯಿಂದಲೇ ಬೀಳುತ್ತಾನೆ. ಆದ್ದರಿಂದ ಇಲ್ಲಿಂದ ಮುಂದಿನದು ಎಲ್ಲರಿಗೂ.

ಸಾರುವೆಯಿಂದ ಶುರುಮಾಡೋಣ. ಕಾರವಾರದಿಂದ ಭಟ್ಕಳದವರೆಗೆ ಸಣ್ಣ ಕೆಲಸಗಳಲ್ಲಿ ಈಗಲೂ ಬಿದಿರು ಗಳ, ಅಡಿಕೆ ಮರ, ಕತ್ತದ ಹಗ್ಗವೇ. ಬಿದಿರನ್ನು ಬೈಯುವವನು ನಾನಲ್ಲ. ಬಲಿತ ಬಿದಿರು, ಕಟ್ಟಿದ ಕೈ ಸರಿಯಿದ್ದರೆ ಗಟ್ಟಿಯೇ. ಕೈಕೊಡುವುದು ಹಗ್ಗ. ಜೂನ್ ಮಳೆಯಲ್ಲಿ ನೆನೆದು ಉಬ್ಬಿದ ಕತ್ತದ ಗಂಟು ನೋಡಲು ಬಿಗಿಯಾಗಿಯೇ ಕಾಣುತ್ತದೆ. ನಾಲ್ಕು ದಿನ ಬಿಸಿಲು ಬಿದ್ದು ಒಣಗಿದಾಗ ಸುತ್ತು ಸಡಿಲ. ಹೊರಗಿನ ಎಳೆ ಗಟ್ಟಿ ಕಂಡರೂ ಬಿದಿರಿಗೆ ಅಂಟಿಕೊಂಡ ಒಳಗಿನ ಎಳೆ ಕಪ್ಪಾಗಿ ಕೊಳೆತಿರುತ್ತದೆ. ಹೆಬ್ಬೆರಳಿನ ಉಗುರಿನಿಂದ ಒಳಗಿನ ಎಳೆಯನ್ನು ಕೆರೆದು ನೋಡಿ. ಪುಡಿಯಾಗಿ ಉದುರಿದರೆ ಆ ಗಂಟನ್ನು ಬಿಚ್ಚಿ ಹೊಸದು ಕಟ್ಟಬೇಕು, ಮೇಲಿನಿಂದ ಇನ್ನೊಂದು ಸುತ್ತು ಹಾಕುವುದು ಕೆಲಸಕ್ಕೆ ಬಾರದು. ದೊಡ್ಡ ಮಳೆ ಬಂದು ಹೋದ ಪ್ರತಿ ಸಲವೂ ಆಳು ಹತ್ತುವ ಮೊದಲು ಮೇಸ್ತ್ರಿ ಹತ್ತಿ ನೋಡಲಿ. ಎರಡಂತಸ್ತು ದಾಟಿದರೆ ಕಬ್ಬಿಣದ ಪೈಪು, ಕಪ್ಲರ್ ಬಾಡಿಗೆಗೆ ತರುವುದೇ ಒಳ್ಳೆಯದು.

ನಿಲ್ಲುವ ಹಲಗೆ ಒಂದೇ ಆಗಿರಬಾರದು, ತುದಿ ಕಟ್ಟಿರಬೇಕು, ಸೊಂಟದ ಮಟ್ಟಕ್ಕೆ ಅಡ್ಡ ಗಳ ಇರಬೇಕು. ಕೆಳಗೆ ಕಲ್ಲು ಜಾರಿ ಬೀಳದಂತೆ ಅಂಚಿಗೊಂದು ಪಟ್ಟಿ. ಏಣಿ ನಾಲ್ಕಡಿ ಏರಿದರೆ ಬುಡ ಒಂದಡಿ ಹೊರಗೆ, ಮೇಲಿನ ತುದಿ ಮಹಡಿಗಿಂತ ಮೂರಡಿ ಎತ್ತರಕ್ಕೆ.

ಹೆಲ್ಮೆಟ್ ಮೇಲೆ ಐಎಸ್ 2925, ದೇಹಕ್ಕೆ ಕಟ್ಟುವ ಹಾರ್ನೆಸ್ ಮೇಲೆ ಐಎಸ್ 3521 ಎಂಬ ಗುರುತು ನೋಡಿ ಕೊಳ್ಳಿ. ಬೈಕಿನ ಹಳೆಯ ಹೆಲ್ಮೆಟ್ ಇಲ್ಲಿ ನಡೆಯದು. ಹಾರ್ನೆಸ್‌ನ ಕೊಕ್ಕೆಯನ್ನು ಅದೇ ಬಿದಿರು ಗಳಕ್ಕೆ ಸಿಕ್ಕಿಸಿದರೆ ಗಳದ ಜತೆಗೇ ಬೀಳಬೇಕಾಗುತ್ತದೆ, ಕಾಂಕ್ರೀಟ್ ಕಂಬಕ್ಕೆ ಬೇರೆ ಹಗ್ಗ ಕಟ್ಟಿ ಅದಕ್ಕೆ ಸಿಕ್ಕಿಸಿ. ಸುರಕ್ಷತೆಗೆ ಕೊಟ್ಟ ಯಾವ ಸಾಮಾನಿಗೂ ಕೆಲಸಗಾರನಿಂದ ದುಡ್ಡು ಹಿಡಿಯಬಾರದು ಎಂದು ಸಂಹಿತೆ ನೇರವಾಗಿ ಹೇಳಿದೆ. ಬಟವಾಡೆಯಲ್ಲಿ ‘ಹೆಲ್ಮೆಟ್ ಬಾಬ್ತು’ ಎಂದು ಕಡಿತ ಕಂಡರೆ ಅದು ತಪ್ಪು. ತಲೆಸುತ್ತು ಬರುವವರನ್ನು, ಕಣ್ಣು ಅಥವಾ ಕಿವಿ ಸರಿಯಿಲ್ಲದವರನ್ನು ಅಪಾಯದ ಕೆಲಸಕ್ಕೆ ಹಾಕಬಾರದೆಂಬುದು 1996ರ ಕಾಯಿದೆಯಲ್ಲೇ ಇತ್ತು. ಬೆಳಿಗ್ಗೆ ಹತ್ತಿಸುವ ಮೊದಲು ಮುಖ ನೋಡಿ. ಹಿಂದಿನ ರಾತ್ರಿಯ ಅಮಲು ಇಳಿಯದವನಿಗೂ ಇದೇ ಮಾತು.

ಆಮೇಲೆ ಧರೆ, ಅಂದರೆ ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆ. ಗುಡ್ಡದ ಪಕ್ಕ ಸೈಟು ಮಾಡಿ, ಕೆಮ್ಮಣ್ಣನ್ನು ಜೆಸಿಬಿಯಲ್ಲಿ ಗೋಡೆಯಂತೆ ನೇರ ಕಡಿದು, ಅದರ ಬುಡದಲ್ಲೇ ಪಾಗಾರದ ಪಾಯ ತೋಡುವುದು ನಮ್ಮ ಕಡೆಯ ಮಾಮೂಲಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಇಳಿದದ್ದನ್ನು ಈ ಜಿಲ್ಲೆಯವರಿಗೆ ಯಾರೂ ನೆನಪಿಸಬೇಕಿಲ್ಲ. ಮನೆಯ ಹಿಂದಿನ ಧರೆ ಅಷ್ಟು ದೊಡ್ಡದಲ್ಲ ನಿಜ, ಆದರೆ ಪಾಯದ ಗುಂಡಿಯಲ್ಲಿ ಬಗ್ಗಿ ನಿಂತವನನ್ನು ಮುಚ್ಚಲು ಒಂದು ಟ್ರ್ಯಾಕ್ಟರ್ ಮಣ್ಣು ಸಾಕು. ಇಳಿಜಾರಾಗಿ ಅಥವಾ ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ. ಆಳೆತ್ತರದ ಗುಂಡಿಗೆ ಹಲಗೆ ಕೊಟ್ಟು ಅದನ್ನು ಒತ್ತಿ ಹಿಡಿಯುವ ಗಳ ನಿಲ್ಲಿಸಿ. ತೆಗೆದ ಮಣ್ಣನ್ನು ಗುಂಡಿಯ ಅಂಚಿಗೇ ರಾಶಿ ಹಾಕಬೇಡಿ. ಧರೆಯ ನೆತ್ತಿಯಲ್ಲಿ ಬಿರುಕು ಕಂಡರೆ, ಬುಡದಲ್ಲಿ ನಿನ್ನೆ ಇಲ್ಲದ ಕೆಂಪು ನೀರು ಒಸರಿದರೆ ಎಲ್ಲರನ್ನೂ ಹೊರಗೆ ಕರೆಯಿರಿ. ಮಳೆಗಾಲದ ಮೂರು ತಿಂಗಳು ಪಾಯದ ಕೆಲಸವನ್ನೇ ಹಿಡಿಯದ ಹಳೆಯ ಮೇಸ್ತ್ರಿಗಳು ಇದ್ದಾರೆ. ಅವರನ್ನು ಸೋಮಾರಿಗಳೆಂದು ನಗುವವರು ಜಾಸ್ತಿ. ನಾನು ಅವರ ಪಕ್ಷ.

ವಿದ್ಯುತ್ತಿಗೆ ಹೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆದು, ಬೋರ್ಡಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ತಾನೇ ಆಫ್ ಆಗುವ ಸ್ವಿಚ್ಚು) ಹಾಕಿಸಿ. ವೈಬ್ರೇಟರ್, ಟೈಲ್ಸ್ ಕತ್ತರಿಸುವ ಯಂತ್ರ ಎರಡೂ ನೀರಿನ ನಡುವೆ ಓಡುವಂಥವು. ಪ್ಲಗ್ ಇಲ್ಲದೆ ವೈರಿನ ತುದಿಗೆ ಬೆಂಕಿಕಡ್ಡಿ ಸಿಕ್ಕಿಸುವ ವಿದ್ಯೆಯನ್ನು ಇನ್ನಾದರೂ ಬಿಡಿ.

ಅವಘಡವೇ ಆಗಿಹೋದರೆ

ಮೊದಲು ಆಸ್ಪತ್ರೆ. ಸಾವು ಸಂಭವಿಸಿದರೆ, ಅಥವಾ ಗಾಯಗೊಂಡವನು 48 ಗಂಟೆ ಕೆಲಸಕ್ಕೆ ಬಾರದಂತಾದರೆ ಅಧಿಕಾರಿಗೆ ಸೂಚನೆ ಕೊಡುವುದು ಕಡ್ಡಾಯ. ‘ಬಾತ್‌ರೂಮಿನಲ್ಲಿ ಜಾರಿ ಬಿದ್ದ’ ಎಂದು ಬರೆಸಿ ಮುಚ್ಚುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಕೇಳಬೇಡಿ, ಆ ಒಂದು ಸಾಲಿನಿಂದ ಅವನ ಮನೆಯವರ ಪರಿಹಾರವೂ ಹೋಗುತ್ತದೆ, ನಿಮ್ಮ ವಿಮೆಯೂ ಹೋಗುತ್ತದೆ.

ಸಂಹಿತೆ ಉಲ್ಲಂಘನೆಗೆ ಸಾಮಾನ್ಯ ದಂಡ 2 ಲಕ್ಷದಿಂದ 3 ಲಕ್ಷ ರೂಪಾಯಿ. ಕರ್ತವ್ಯಲೋಪದಿಂದ ಸಾವಾದರೆ 2 ವರ್ಷದವರೆಗೆ ಜೈಲು, ಅಥವಾ 5 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಆ ದಂಡದಲ್ಲಿ ಕನಿಷ್ಠ ಅರ್ಧವನ್ನು ಸತ್ತವನ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಇದಲ್ಲದೆ ನೌಕರರ ಪರಿಹಾರ ಬೇರೆ. ಮನೆಯಿಂದ ಕೆಲಸಕ್ಕೆ ಬರುವ, ಮರಳುವ ದಾರಿಯ ಅಪಘಾತವನ್ನೂ ಈಗ ಕೆಲಸಕ್ಕೆ ಸಂಬಂಧಿಸಿದ್ದೆಂದು ಪರಿಗಣಿಸಬಹುದು. ದೇವಿಮನೆ ಘಟ್ಟದಲ್ಲಿ ಟೆಂಪೊ ಹಿಂದೆ ಜನ ತುಂಬಿ ಕರೆತರುವವರು ಇದನ್ನು ಗಮನಿಸಬೇಕು. ಗುತ್ತಿಗೆದಾರರು ‘ಡಬ್ಲ್ಯುಸಿ ಪಾಲಿಸಿ’ ಎಂದು ಕರೆಯುವ ಕಾರ್ಮಿಕರ ಪರಿಹಾರದ ವಿಮೆ ಇಂಥದ್ದಕ್ಕೇ ಇರುವುದು. ಕೆಲಸ ಶುರುವಾಗುವ ಮೊದಲೇ ಮಾಡಿಸಿ, ಪಾಲಿಸಿಯಲ್ಲಿ ತೋರಿಸಿದ ಜನರ ಸಂಖ್ಯೆಯೂ ಸ್ಲ್ಯಾಬ್ ದಿನದ ಪುಟದ ಸಂಖ್ಯೆಯೂ ತಾಳೆಯಾಗುತ್ತದೆಯೇ ನೋಡಿ. ಎಂಟು ಜನಕ್ಕೆ ಕಂತು ಕಟ್ಟಿ ಇಪ್ಪತ್ತೇಳನೆಯವನು ಬಿದ್ದರೆ ವಿಮೆ ಕಂಪನಿಯವರು ಮೊದಲು ಕೇಳುವುದೂ ಆ ಪುಸ್ತಕವನ್ನೇ.